ಮಗುವಿಗೆ ಆಟಿಸಂ ಎಂದಾಗ: ಯಾವ ಥೆರಪಿ? ಎಷ್ಟು? ಯಾರಿಂದ?



ನಮ್ಮ ಸಂಘಗಳ ಸಭೆಗಳಲ್ಲಿ ಉಳಿತಾಯ, ಸಾಲ, ಮರುಪಾವತಿಯ ಲೆಕ್ಕ ಮುಗಿದ ಮೇಲೆ ಮನೆಯ ಕಷ್ಟಸುಖದ ಮಾತು ಬರುತ್ತದೆ. ಇತ್ತೀಚಿನ ವರ್ಷಗಳಲ್ಲಿ ಆ ಮಾತಿನ ನಡುವೆ ‘ಆಟಿಸಂ’ ಎಂಬ ಪದ ಮತ್ತೆ ಮತ್ತೆ ಕೇಳಿಬರುತ್ತಿದೆ. “ಮಗುವಿಗೆ ಮೂರು ವರ್ಷ ಆಯ್ತು, ಅಮ್ಮ ಅಂತ ಕರೆಯೋದಿಲ್ಲ”, “ಡಾಕ್ಟ್ರು ಥೆರಪಿ ಕೊಡಿಸಿ ಅಂದ್ರು, ಪೇಟೆಗೆ ಹೋದ್ರೆ ಒಬ್ಬೊಬ್ಬರು ಒಂದೊಂದು ಹೇಳ್ತಾರೆ”, “ಚಿನ್ನ ಅಡವಿಟ್ಟು ಕೊಡಿಸೋದಾ, ಸಂಘದಲ್ಲಿ ಸಾಲ ತೆಗೆಯೋದಾ?” ಇಂಥ ಪ್ರಶ್ನೆಗಳಿಗೆ ಒಂದೇ ವಾಕ್ಯದ ಉತ್ತರವಿಲ್ಲ. ಆದರೆ ಈಗ ತಿಳಿದಿರುವ ಸಂಗತಿಗಳನ್ನು ಒಂದೆಡೆ ಇಟ್ಟು ನೋಡಿದರೆ ದಾರಿ ಕಾಣುತ್ತದೆ. ಹಣ ಮತ್ತು ಕಾಲ ಎರಡೂ ವ್ಯರ್ಥವಾಗುವುದು ತಪ್ಪುತ್ತದೆ. ಅದಕ್ಕಾಗಿ ಈ ಬರಹ.

ಆಟಿಸಂ ಎಂದರೇನು?

ಆಟಿಸಂ ಅಂದರೆ ರೋಗವಲ್ಲ, ಅಂಟುವಂಥದ್ದೂ ಅಲ್ಲ. ಮಗುವಿನ ಮಿದುಳು ಬೆಳೆಯುವ ರೀತಿಯಲ್ಲೇ ಇರುವ ಒಂದು ವ್ಯತ್ಯಾಸ. ಕನ್ನಡದಲ್ಲಿ ಇದನ್ನು ‘ಸ್ವಲೀನತೆ’ ಎನ್ನುತ್ತಾರೆ. ಇಂಥ ಮಕ್ಕಳಿಗೆ ಬೇರೆಯವರ ಜತೆ ಬೆರೆಯುವುದು, ಮಾತು, ಸನ್ನೆ, ಮುಖಭಾವ ಅರ್ಥಮಾಡಿಕೊಳ್ಳುವುದು ಕಷ್ಟ. ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡುವುದು, ಒಂದೇ ಕ್ರಮ ಬೇಕೆಂದು ಹಟ ಹಿಡಿಯುವುದು ಇರುತ್ತದೆ. ಮಿಕ್ಸಿಯ ಸದ್ದು, ಕುಕ್ಕರ್ ಸೀಟಿ, ಹೊಸ ಬಟ್ಟೆಯ ಒರಟು ಕೆಲವರಿಗೆ ತಡೆಯಲಾರದ ಹಿಂಸೆ. ಇನ್ನು ಕೆಲವರಿಗೆ ಬಿದ್ದು ಪೆಟ್ಟಾದರೂ ಅಳುವೇ ಬರುವುದಿಲ್ಲ.

ಎಲ್ಲ ಮಕ್ಕಳೂ ಒಂದೇ ಥರ ಇರುವುದಿಲ್ಲ. ಒಬ್ಬ ಮಾತೇ ಆಡುವುದಿಲ್ಲ. ಇನ್ನೊಬ್ಬ ಬಸ್ಸಿನ ನಂಬರು, ಊರಿನ ಹೆಸರು ಎಲ್ಲ ಪಟಪಟ ಹೇಳುತ್ತಾನೆ, ಆದರೆ “ಊಟ ಆಯ್ತಾ ಪುಟ್ಟಾ?” ಎಂದರೆ ಉತ್ತರವಿಲ್ಲ. ಗಂಡುಮಕ್ಕಳಲ್ಲಿ ಹೆಚ್ಚಾಗಿ ಪತ್ತೆಯಾಗುತ್ತದೆ. ಹೆಣ್ಣುಮಕ್ಕಳಲ್ಲಿ ‘ನಾಚಿಕೆ ಸ್ವಭಾವ’ ಎಂದು ಬಿಟ್ಟುಬಿಡುವುದರಿಂದ ಎಷ್ಟೋ ಸಲ ತಡವಾಗಿ ಗೊತ್ತಾಗುತ್ತದೆ.

ತಾಯಿಯ ತಪ್ಪಲ್ಲ

ಇದನ್ನು ಎಲ್ಲಕ್ಕಿಂತ ಮೊದಲು ಹೇಳಬೇಕು. 1943ರಲ್ಲಿ ಅಮೆರಿಕದಲ್ಲಿ ಲಿಯೋ ಕಾನರ್ ಎಂಬ ವೈದ್ಯರು 11 ಮಕ್ಕಳನ್ನು ಗಮನಿಸಿ ಆಟಿಸಂ ಬಗ್ಗೆ ಬರೆದರು. ಅದಾದ ಮೇಲೆ ಎರಡು ದಶಕ ಕಾಲ, ತಾಯಿ ಪ್ರೀತಿ ತೋರಿಸದೆ ಇದ್ದುದರಿಂದ ಮಗು ಹೀಗಾಯಿತು ಎಂಬ ವಾದ ಅಲ್ಲಿ ನಡೆಯಿತು. ಬ್ರೂನೋ ಬೆಟಲ್‌ಹೈಮ್ ಎಂಬಾತ 1967ರಲ್ಲಿ ಅದನ್ನೇ ಪುಸ್ತಕವಾಗಿಯೂ ಬರೆದ. ಆದರೆ 1964ರಲ್ಲೇ ಬರ್ನಾರ್ಡ್ ರಿಮ್‌ಲ್ಯಾಂಡ್ ಎಂಬ ಮನಶ್ಶಾಸ್ತ್ರಜ್ಞರು ಇದು ಮಿದುಳಿನ ಬೆಳವಣಿಗೆಗೆ ಸಂಬಂಧಿಸಿದ್ದು, ತಾಯಿಯ ಸಾಕಣೆಯಿಂದ ಬಂದದ್ದಲ್ಲ ಎಂದು ತೋರಿಸಿದ್ದರು. ಅವರ ಸ್ವಂತ ಮಗನಿಗೇ ಆಟಿಸಂ ಇತ್ತು. ಇಂದು ವಿಜ್ಞಾನಿಗಳು ಒಪ್ಪುವುದೂ ಇದನ್ನೇ. ಇದರಲ್ಲಿ ವಂಶವಾಹಿಗಳ ಪಾತ್ರ ದೊಡ್ಡದು.

ಆದ್ದರಿಂದ “ಬಸುರಿಯಲ್ಲಿ ಗ್ರಹಣ ನೋಡಿದ್ಲು”, “ಕೆಲಸಕ್ಕೆ ಹೋಗಿ ಮಗೂನ ಬಿಟ್ಲು”, “ಮೊಬೈಲ್ ಕೊಟ್ಟು ಕೆಡಿಸಿದ್ಲು” ಎಂಬ ಮಾತುಗಳನ್ನು ಸಂಘದ ಯಾರೂ ಆಡಬಾರದು. ಮೊಬೈಲ್ ಕಡಿಮೆ ಮಾಡುವುದು ಯಾವ ಮಗುವಿಗೂ ಒಳ್ಳೆಯದೇ. ಆದರೆ ಆಟಿಸಂಗೆ ತಾಯಿಯನ್ನು ಗುರಿ ಮಾಡುವುದು ಅನ್ಯಾಯ. ಚುಚ್ಚುಮದ್ದಿನಿಂದ ಬರುತ್ತದೆ ಎಂಬ ಮಾತೂ ಸುಳ್ಳು. 1998ರಲ್ಲಿ ಇಂಗ್ಲೆಂಡಿನ ಒಬ್ಬ ವೈದ್ಯ 12 ಮಕ್ಕಳ ಹೆಸರಿನಲ್ಲಿ ಬರೆದ ಆ ಲೇಖನವನ್ನು 2010ರಲ್ಲಿ ಪತ್ರಿಕೆಯೇ ಹಿಂತೆಗೆದುಕೊಂಡಿತು. ಆತನ ವೈದ್ಯ ನೋಂದಣಿಯನ್ನೂ ರದ್ದು ಮಾಡಿದರು. ಮಕ್ಕಳ ಚುಚ್ಚುಮದ್ದು ತಪ್ಪಿಸಬೇಡಿ.

ಯಾವಾಗ ಎಚ್ಚರವಾಗಬೇಕು?

ಕೆಳಗಿನವುಗಳಲ್ಲಿ ಕೆಲವು ಒಟ್ಟಿಗೆ ಕಂಡರೆ ತಡ ಮಾಡದೆ ತೋರಿಸಿ:

* ಒಂದು ವರ್ಷವಾದರೂ ಹೆಸರು ಹಿಡಿದು ಕರೆದರೆ ತಿರುಗಿ ನೋಡದಿರುವುದು
* ಒಂದೂವರೆ ವರ್ಷವಾದರೂ ಬೆರಳು ತೋರಿಸಿ “ಅಗೋ ಕಾಗೆ” ಎಂಬಂತೆ ನಮಗೆ ತೋರಿಸದಿರುವುದು
* ಬೇಕಾದ್ದನ್ನು ಕೇಳದೆ, ನಮ್ಮ ಕೈಯನ್ನೇ ಹಿಡಿದು ಎಳೆದುಕೊಂಡು ಹೋಗಿ ತೆಗೆಸಿಕೊಳ್ಳುವುದು
* ಆಟದ ಕಾರನ್ನು ಓಡಿಸದೆ ಚಕ್ರವನ್ನೇ ತಿರುಗಿಸುತ್ತಾ ಕೂರುವುದು, ಫ್ಯಾನನ್ನೇ ನೋಡುತ್ತಿರುವುದು, ಸಾಲಾಗಿ ಜೋಡಿಸುವುದು
* ಎರಡು ವರ್ಷವಾದರೂ ಎರಡು ಪದ ಸೇರಿಸಿ ಸ್ವಂತವಾಗಿ ಮಾತಾಡದಿರುವುದು
* ಮೊದಲು ಬರುತ್ತಿದ್ದ ಮಾತು, ನಗು, ಆಟ ಹಿಂದೆ ಹೋಗುವುದು (ಇದು ಯಾವ ವಯಸ್ಸಿನಲ್ಲಾದರೂ ಕೂಡಲೇ ತೋರಿಸಬೇಕು)

“ಗಂಡುಮಕ್ಕಳಿಗೆ ಮಾತು ತಡ”, “ಅವನ ಸೋದರಮಾವನೂ ಐದು ವರ್ಷಕ್ಕೆ ಮಾತಾಡಿದ್ದು”, “ನಾಲಿಗೆಗೆ ಬಜೆ ತಿಕ್ಕಿ, ಸರಿ ಹೋಗ್ತದೆ” ಎಂದು ಹಿರಿಯರು ಪ್ರೀತಿಯಿಂದಲೇ ಹೇಳುತ್ತಾರೆ. ಅವರ ಮಾತು ಮೀರಬೇಕಾಗಿಲ್ಲ, ಆದರೆ ಕಾಯುತ್ತಾ ಕೂರಬಾರದು. ತೋರಿಸಿದ ಮೇಲೆ ಏನೂ ಇಲ್ಲ ಎಂದಾದರೆ ನಷ್ಟವಿಲ್ಲ. ಇದ್ದರೆ, ಮಿದುಳು ಬೇಗ ಕಲಿಯುವ ಮೊದಲ ವರ್ಷಗಳು ಕೈಗೆ ಸಿಗುತ್ತವೆ.

ಎಲ್ಲಿ ತೋರಿಸಬೇಕು? ಅಂಗನವಾಡಿ ಕಾರ್ಯಕರ್ತೆ ಅಥವಾ ಆಶಾ ಕಾರ್ಯಕರ್ತೆಗೆ ಹೇಳಿ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ವೈದ್ಯರ ತಂಡ ಅಂಗನವಾಡಿಗೆ ಬಂದು ಮಕ್ಕಳನ್ನು ಪರೀಕ್ಷಿಸುತ್ತದೆ. ಅಲ್ಲಿಂದ ಜಿಲ್ಲಾ ಮಟ್ಟದ ಶೀಘ್ರ ಪತ್ತೆ ಮತ್ತು ಚಿಕಿತ್ಸಾ ಕೇಂದ್ರಕ್ಕೆ ಕಳಿಸುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್ ಮತ್ತು ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲೂ ತಪಾಸಣೆ ಇದೆ. ಎಲ್ಲಿಗೆ ಹೋದರೂ ಕಿವಿಯ ಪರೀಕ್ಷೆ ಮಾಡಿಸಿಯೇ ಬನ್ನಿ. ಕಿವಿ ಕೇಳದ ಮಗುವೂ ಕರೆದರೆ ತಿರುಗುವುದಿಲ್ಲ, ಮಾತೂ ಕಲಿಯುವುದಿಲ್ಲ. ಇದೊಂದು ಪರೀಕ್ಷೆ ಬಿಟ್ಟು ಥೆರಪಿ ಶುರು ಮಾಡುವುದು ಅಡಿಪಾಯ ನೋಡದೆ ಗೋಡೆ ಕಟ್ಟಿದ ಹಾಗೆ.

ಯಾವ ಯಾವ ಥೆರಪಿಗಳಿವೆ?

ಹೆಸರುಗಳು ಇಂಗ್ಲಿಷಿನಲ್ಲಿ ದೊಡ್ಡದಾಗಿ ಕೇಳಿಸುತ್ತವೆ. ಒಳಗೆ ಏನು ಮಾಡುತ್ತಾರೆ ಎಂದು ತಿಳಿದರೆ ಹೆದರಿಕೆ ಹೋಗುತ್ತದೆ.

1. ಎಬಿಎ (ವರ್ತನೆ ಆಧಾರಿತ ತರಬೇತಿ): ಒಂದು ಕೆಲಸವನ್ನು ಚಿಕ್ಕ ಚಿಕ್ಕ ಹೆಜ್ಜೆಗಳಾಗಿ ಒಡೆದು, ಮಗು ಸರಿಯಾಗಿ ಮಾಡಿದ ಕೂಡಲೇ ಮೆಚ್ಚುಗೆ ಅಥವಾ ಇಷ್ಟದ ವಸ್ತು ಕೊಟ್ಟು ಕಲಿಸುವುದು. ಇದರಲ್ಲಿ ಹೆಸರಾದವರು ಅಮೆರಿಕದ ಐವರ್ ಲೊವಾಸ್. 1987ರಲ್ಲಿ ಅವರು ಪ್ರಕಟಿಸಿದ ಅಧ್ಯಯನದಲ್ಲಿ 19 ಚಿಕ್ಕ ಮಕ್ಕಳಿಗೆ ವಾರಕ್ಕೆ 40 ಗಂಟೆಯಷ್ಟು, ಎರಡು ವರ್ಷಕ್ಕೂ ಹೆಚ್ಚು ಕಾಲ ಕಲಿಸಿದರು. ಅವರಲ್ಲಿ 9 ಮಕ್ಕಳು ಸಾಮಾನ್ಯ ಶಾಲೆಯ ಒಂದನೇ ತರಗತಿ ದಾಟಿದರು. ‘ವಾರಕ್ಕೆ 40 ಗಂಟೆ’ ಎಂಬ ಮಾತು ಎಲ್ಲೆಡೆ ಹಬ್ಬಿದ್ದು ಇದರಿಂದಲೇ. ಆದರೆ ಅಲ್ಲಿ ಮಕ್ಕಳನ್ನು ಚೀಟಿ ಎತ್ತಿದ ಹಾಗೆ ಪಕ್ಷಪಾತವಿಲ್ಲದೆ ಎರಡು ಗುಂಪು ಮಾಡಿರಲಿಲ್ಲ. ಗದರಿಸುವುದು, ತೊಡೆಗೆ ಏಟು ಕೊಡುವುದೂ ಅದರಲ್ಲಿ ಇತ್ತು. ಇಂದು ಒಳ್ಳೆಯ ಎಬಿಎ ಕೇಂದ್ರಗಳಲ್ಲಿ ಶಿಕ್ಷೆ ಇಲ್ಲ. ಆದರೂ ಆಟಿಸಂ ಇರುವ ಅನೇಕರು ದೊಡ್ಡವರಾದ ಮೇಲೆ, ‘ನಮ್ಮನ್ನು ಹೇಳಿದ ಹಾಗೆ ಕೇಳುವ ಗೊಂಬೆ ಮಾಡಲು ನೋಡಿದರು’ ಎಂದು ದೂರಿದ್ದಾರೆ. ಆ ಮಾತಿಗೂ ನಾವು ಕಿವಿಗೊಡಬೇಕು.

2. ಆಟದೊಳಗೆ ಕಲಿಸುವ ಪದ್ಧತಿ: ಮೇಜಿನ ಮುಂದೆ ಕೂರಿಸುವ ಬದಲು ನೆಲದ ಮೇಲೆ, ಮಗುವಿಗೆ ಇಷ್ಟವಾದ ಆಟದಲ್ಲೇ ಸೇರಿಕೊಂಡು ಮಾತು, ಸನ್ನೆ, ಸರದಿ ಕಾಯುವುದನ್ನು ಕಲಿಸುವುದು. ಇದರಲ್ಲಿ ಸ್ಯಾಲಿ ರಾಜರ್ಸ್ ಮತ್ತು ಜೆರಾಲ್ಡೀನ್ ಡಾಸನ್ ರೂಪಿಸಿದ ‘ಡೆನ್ವರ್ ಮಾದರಿ’ ಪ್ರಸಿದ್ಧ. 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಒಂದೂವರೆಯಿಂದ ಎರಡೂವರೆ ವರ್ಷದ 48 ಮಕ್ಕಳಿದ್ದರು. ಎರಡು ವರ್ಷದ ನಂತರ ಈ ಪದ್ಧತಿಯಲ್ಲಿ ಕಲಿತ ಮಕ್ಕಳು ಭಾಷೆ ಮತ್ತು ತಿಳಿವಳಿಕೆಯಲ್ಲಿ ಇನ್ನೊಂದು ಗುಂಪಿಗಿಂತ ಮುಂದಿದ್ದರು. ಸ್ಟ್ಯಾನ್ಲಿ ಗ್ರೀನ್‌ಸ್ಪ್ಯಾನ್ ಅವರ ‘ಫ್ಲೋರ್‌ಟೈಮ್’ ಕೂಡ ನೆಲದ ಮೇಲೆ ಕೂತು ಮಗುವಿನ ಆಸಕ್ತಿಯ ಹಿಂದೆ ಹೋಗುವ ಪದ್ಧತಿಯೇ.

3. ತಂದೆತಾಯಿಗೆ ತರಬೇತಿ: ಇಲ್ಲಿ ಥೆರಪಿಸ್ಟ್ ಕಲಿಸುವುದು ಮಗುವಿಗಿಂತ ಹೆಚ್ಚಾಗಿ ಅಮ್ಮನಿಗೆ. ಅಮ್ಮ ಮಗುವಿನ ಜತೆ ಆಡುವುದನ್ನು ವಿಡಿಯೊ ಮಾಡಿ, ಇಬ್ಬರೂ ಕೂತು ನೋಡಿ, “ಇಲ್ಲಿ ಅವನು ನಿಮ್ಮನ್ನು ನೋಡಿದ, ನೀವು ಕಾದಿರಿ, ಚೆನ್ನಾಯ್ತು” ಎಂದು ಹೇಳಿಕೊಡುತ್ತಾರೆ. ಇಂಗ್ಲೆಂಡಿನಲ್ಲಿ 152 ಮಕ್ಕಳ ಮೇಲೆ ಮೊದಲು ನಡೆದ ಈ ಪ್ರಯೋಗವನ್ನು ನಮ್ಮ ನೆರೆಯ ಗೋವಾ ಮತ್ತು ಪಾಕಿಸ್ತಾನದ ರಾವಲ್ಪಿಂಡಿಗೆ ಒಗ್ಗಿಸಿ, 65 ಮಕ್ಕಳ ಮನೆಯವರಿಗೆ ಕಲಿಸಿದರು. 2016ರಲ್ಲಿ ಅದರ ಫಲಿತಾಂಶ ಬಂತು. ಕಲಿಸಿದವರು ದೊಡ್ಡ ಡಾಕ್ಟರುಗಳಲ್ಲ, ತರಬೇತಿ ಪಡೆದ ಸಾಮಾನ್ಯ ಆರೋಗ್ಯ ಕಾರ್ಯಕರ್ತರು. ಆದರೂ ತಂದೆತಾಯಿ ಮಗುವಿನ ಆಸಕ್ತಿಗೆ ಹೊಂದಿಕೊಂಡು ಮಾತಾಡುವುದು ಹೆಚ್ಚಿತು, ಮಗು ತಾನಾಗಿಯೇ ಅವರತ್ತ ಬರುವುದೂ ಹೆಚ್ಚಿತು. ಇಲ್ಲಿ ಬೇಕಾದದ್ದು ದೊಡ್ಡ ಕಟ್ಟಡ, ದುಬಾರಿ ಯಂತ್ರ ಅಲ್ಲ ಎಂಬುದನ್ನು ಗಮನಿಸಿ.

4. ಸ್ಪೀಚ್ ಥೆರಪಿ ಮತ್ತು ಚಿತ್ರದ ಮೂಲಕ ಮಾತು: ಸ್ಪೀಚ್ ಥೆರಪಿ ಅಂದರೆ ಬರೀ ನಾಲಿಗೆ ತಿದ್ದುವುದಲ್ಲ. ಬೇಕಾದ್ದನ್ನು ಹೇಗಾದರೂ ಇನ್ನೊಬ್ಬರಿಗೆ ತಿಳಿಸಲು ಕಲಿಸುವುದು. ಮಾತು ಬರದ ಮಗುವಿಗೆ ನೀರಿನ ಲೋಟದ ಚಿತ್ರ ಕೊಟ್ಟು ನೀರು ಕೇಳಲು ಕಲಿಸುತ್ತಾರೆ. ‘ಪೆಕ್ಸ್’ ಎಂಬ ಈ ಚಿತ್ರ ಪದ್ಧತಿ ಅಮೆರಿಕದಲ್ಲಿ 1985ರಲ್ಲಿ ಶುರುವಾಯಿತು. “ಚಿತ್ರ ಅಭ್ಯಾಸ ಆದ್ರೆ ಮಾತೇ ಬರೋದಿಲ್ಲ” ಎಂದು ಹೆದರಬೇಡಿ. ಚಿತ್ರ, ಸನ್ನೆ ಕಲಿಸಿದ್ದರಿಂದ ಮಾತು ನಿಂತಿದ್ದಿಲ್ಲ, ಎಷ್ಟೋ ಮಕ್ಕಳಿಗೆ ಅದೇ ಮಾತಿನ ಮೆಟ್ಟಿಲಾಗಿದೆ. ಕೇಳಲು ದಾರಿ ಸಿಕ್ಕಿದ ಮಗುವಿನ ಅಳು, ಕಚ್ಚುವುದು, ತಲೆ ಬಡಿದುಕೊಳ್ಳುವುದು ಕಡಿಮೆಯಾಗುವುದೂ ಉಂಟು.

5. ಆಕ್ಯುಪೇಷನಲ್ ಥೆರಪಿ: ‘ಓಟಿ’ ಎಂದು ಕರೆಯುತ್ತಾರೆ. ತಾನೇ ಊಟ ಮಾಡುವುದು, ಗುಂಡಿ ಹಾಕುವುದು, ಹಲ್ಲುಜ್ಜುವುದು, ಪೆನ್ಸಿಲ್ ಹಿಡಿಯುವುದು ಇದರ ಕೆಲಸ. ಉಯ್ಯಾಲೆ, ಚೆಂಡು, ಒತ್ತುವಿಕೆಯ ಮೂಲಕ ಸದ್ದು, ಸ್ಪರ್ಶಗಳಿಗೆ ಹೊಂದಿಸುವ ‘ಸೆನ್ಸರಿ’ ಪದ್ಧತಿ ಜೀನ್ ಏರ್ಸ್ ಎಂಬುವರಿಂದ ಬಂತು. ಕೆಲವು ಮಕ್ಕಳಿಗೆ ಇದು ಸಮಾಧಾನ ಕೊಡುತ್ತದೆ. ಆದರೆ ಉಯ್ಯಾಲೆಯೊಂದರಿಂದಲೇ ಮಾತು ಬರುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

6. ಕ್ರಮಬದ್ಧ ವಾತಾವರಣ: ಎರಿಕ್ ಶಾಪ್ಲರ್ ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ ಬೆಳೆಸಿದ ‘ಟೀಚ್’ ಪದ್ಧತಿ. ದಿನದ ಕೆಲಸಗಳನ್ನು ಚಿತ್ರದ ಸಾಲಾಗಿ ಗೋಡೆಗೆ ಅಂಟಿಸುವುದು, ಊಟಕ್ಕೆ ಒಂದು ಜಾಗ, ಆಟಕ್ಕೆ ಒಂದು ಜಾಗ ಗೊತ್ತುಮಾಡುವುದು. ಮುಂದೇನು ಎಂದು ತಿಳಿದಾಗ ಮಗುವಿನ ಗಾಬರಿ ಇಳಿಯುತ್ತದೆ.

ನಮ್ಮ ರಾಜ್ಯದಲ್ಲೇ ಹುಟ್ಟಿದ ಪ್ರಯತ್ನವೂ ಇದೆ. ಬೆಂಗಳೂರಿನಲ್ಲಿ ವಾಕ್ ತಜ್ಞೆ ಡಾ. ಪ್ರತಿಭಾ ಕಾರಂತ ಅವರು ಆರಂಭಿಸಿದ ‘ಕಮ್ಯುನಿಕೇಷನ್ ಡೀಲ್’ ಕಾರ್ಯಕ್ರಮದಲ್ಲಿ ಆರು ವರ್ಷದೊಳಗಿನ ಮಕ್ಕಳಿಗೆ ಮಾತು, ಕೈಕಾಲಿನ ಚಲನೆ, ಬೆರೆಯುವಿಕೆ ಇವೆಲ್ಲವನ್ನೂ ಒಂದೇ ತಂಡ ಚಿಕ್ಕ ಗುಂಪಿನಲ್ಲಿ ಕಲಿಸುತ್ತದೆ. ತಾಯಂದಿರೂ ಅದರಲ್ಲಿ ಭಾಗಿಗಳು.

ಹಾಗಾದರೆ ಯಾವುದು ಮೇಲು?

ಎಲ್ಲರೂ ಕೇಳುವ ಪ್ರಶ್ನೆ ಇದೇ. ಸಂಶೋಧಕರೂ ಇದನ್ನೇ ಕೇಳಿದರು. 2021ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಸುಮಾರು ಎರಡು ವರ್ಷದ 87 ಮಕ್ಕಳಿದ್ದರು. ಕೆಲವರಿಗೆ ಎಬಿಎ ಮಾದರಿ, ಕೆಲವರಿಗೆ ಡೆನ್ವರ್ ಮಾದರಿ. ಅದರಲ್ಲೂ ಕೆಲವರಿಗೆ ವಾರಕ್ಕೆ 15 ಗಂಟೆ, ಕೆಲವರಿಗೆ 25 ಗಂಟೆ. ಒಂದು ವರ್ಷ ಕಳೆದು ನೋಡಿದಾಗ ಒಟ್ಟಾರೆ ಮಕ್ಕಳು ಮುಂದುವರಿದಿದ್ದರು. ಆದರೆ ಈ ಪದ್ಧತಿ ಮೇಲು, ಆ ಪದ್ಧತಿ ಕೀಳು ಎನ್ನುವಂಥ ವ್ಯತ್ಯಾಸ ಕಾಣಲಿಲ್ಲ. 25 ಗಂಟೆಯವರು 15 ಗಂಟೆಯವರಿಗಿಂತ ಹೆಚ್ಚು ಮುಂದೆ ಹೋಗಿರಲೂ ಇಲ್ಲ. 2024ರಲ್ಲಿ 9,000ಕ್ಕೂ ಹೆಚ್ಚು ಮಕ್ಕಳ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗಲೂ, ಗಂಟೆ ಹೆಚ್ಚಿದಂತೆ ಲಾಭ ಹೆಚ್ಚುತ್ತದೆ ಎನ್ನಲು ಆಧಾರ ಸಿಗಲಿಲ್ಲ.

ಇದರ ಅರ್ಥ ಥೆರಪಿ ಬೇಡ ಎಂದಲ್ಲ. “ವಾರಕ್ಕೆ 40 ಗಂಟೆ ಕೊಡಿಸದಿದ್ದರೆ ನಿಮ್ಮ ಮಗುವಿನ ಭವಿಷ್ಯ ಮುಗಿಯಿತು” ಎಂದು ಯಾರಾದರೂ ಹೆದರಿಸಿದರೆ ಹೆದರಬೇಕಾಗಿಲ್ಲ ಎಂದಷ್ಟೇ. ಲೆಕ್ಕ ಹಾಕಿ ನೋಡಿ. ಗಂಟೆಗೆ 500 ರೂಪಾಯಿ ಎಂದು ಇಟ್ಟುಕೊಂಡರೆ ವಾರಕ್ಕೆ 40 ಗಂಟೆಗೆ 20,000, ತಿಂಗಳಿಗೆ 80,000 ರೂಪಾಯಿ. ಬೀಡಿ ಕಟ್ಟುವ, ತೋಟದ ಕೆಲಸಕ್ಕೆ ಹೋಗುವ ಮನೆಯಲ್ಲಿ ಇದು ಆಗುವ ಮಾತಾ? ಇನ್ನೊಂದು ಲೆಕ್ಕ ನೋಡಿ. ಮಗು ದಿನಕ್ಕೆ 12 ಗಂಟೆ ಎಚ್ಚರವಿದ್ದರೆ ವಾರಕ್ಕೆ 84 ಗಂಟೆ. ಥೆರಪಿಸ್ಟ್ ಹತ್ತಿರ 2 ಗಂಟೆ ಹೋದರೆ ಉಳಿದ 82 ಗಂಟೆ ನಿಮ್ಮ ಬಳಿಯೇ ಇರುತ್ತದೆ. ಆದ್ದರಿಂದ ಆ 2 ಗಂಟೆಯಲ್ಲಿ ನಿಮಗೆ ಏನು ಕಲಿಸಿಕೊಡುತ್ತಾರೆ ಎಂಬುದೇ ಮುಖ್ಯ.

ಆಯ್ಕೆ ಶುರುವಾಗಬೇಕಾದದ್ದು ಥೆರಪಿಯ ಹೆಸರಿನಿಂದಲ್ಲ, ನಿಮ್ಮ ಮಗುವಿನಿಂದ. ಮೂರು ವರ್ಷದ ಒಂದು ಮಗುವಿಗೆ ಮಾತೇ ಇಲ್ಲ, ಬೇಕಾದ್ದು ಸಿಗದೆ ದಿನವಿಡೀ ಅಳುತ್ತದೆ ಎನ್ನೋಣ. ಅದಕ್ಕೆ ಮೊದಲು ಬೇಕಾದದ್ದು ಚಿತ್ರವೋ ಸನ್ನೆಯೋ, ಕೇಳುವ ಒಂದು ದಾರಿ. ಇನ್ನೊಂದು ಮಗು ಮಾತಾಡುತ್ತದೆ, ಆದರೆ ಅನ್ನ ಮುಟ್ಟಿದರೆ ವಾಂತಿ, ಬಟ್ಟೆ ಹಾಕಿದರೆ ಕೂಗು. ಅಲ್ಲಿ ಓಟಿ ಮೊದಲು. ಮೂರನೆಯದು ಒಂಟಿಯಾಗಿ ಮೂಲೆಯಲ್ಲಿ ಚಕ್ರ ತಿರುಗಿಸುತ್ತಾ ಕೂತಿರುತ್ತದೆ. ಅದಕ್ಕೆ ಆಟದೊಳಗೆ ಸೇರುವ ಪದ್ಧತಿ. ಎಷ್ಟೋ ಮಕ್ಕಳಿಗೆ ಎರಡು ಮೂರು ಸೇರಿಸಿ ಬೇಕಾಗುತ್ತದೆ.

ಕೇಂದ್ರಕ್ಕೆ ಹೋದಾಗ ಕೇಳಬೇಕಾದ ಪ್ರಶ್ನೆಗಳು

ಸಂಕೋಚ ಬೇಡ. ಸೀರೆ ಕೊಳ್ಳುವಾಗ ನಾಲ್ಕು ಸಲ ತಿರುವಿ ನೋಡುವ ನಾವು ಇಲ್ಲಿ ಯಾಕೆ ಸುಮ್ಮನಿರಬೇಕು?

(ಅ) ಕಲಿಸುವವರು ಏನು ಓದಿದ್ದಾರೆ? ಸ್ಪೀಚ್ ಥೆರಪಿಸ್ಟ್, ವಿಶೇಷ ಶಿಕ್ಷಕರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಣಿ ಮಾಡಿರಬೇಕು. ನೋಂದಣಿ ಸಂಖ್ಯೆ ಕೇಳಬಹುದು.
(ಆ) ನಾನು ಒಳಗೆ ಕೂತು ನೋಡಬಹುದಾ? “ಅಮ್ಮ ಇದ್ರೆ ಮಗು ಕೂರೋದಿಲ್ಲ” ಎಂದು ಯಾವತ್ತೂ ಹೊರಗೇ ಕೂರಿಸಿದರೆ ಆ ಜಾಗ ಬೇಡ.
(ಇ) ಮುಂದಿನ ಮೂರು ತಿಂಗಳಲ್ಲಿ ಮಗು ಏನು ಕಲಿಯಬೇಕು? ಎರಡು ಮೂರು ಗುರಿಗಳನ್ನು ಬರೆದು ಕೊಡಿ. ‘ಮಾತು ಸುಧಾರಣೆ’ ಎಂದರೆ ಗುರಿಯಲ್ಲ. ‘ನೀರು ಬೇಕಾದಾಗ ಕೈ ಎಳೆಯದೆ ಚಿತ್ರ ಕೊಡುವುದು’ ಎಂದರೆ ಗುರಿ.
(ಈ) ಮೂರು ತಿಂಗಳಲ್ಲಿ ಏನೂ ಬದಲಾಗದಿದ್ದರೆ ಏನು ಬದಲಿಸುತ್ತೀರಿ?
(ಉ) ಮನೆಯಲ್ಲಿ ಏನು ಮಾಡಬೇಕು, ಯಾರು ಹೇಳಿಕೊಡುತ್ತಾರೆ?
(ಊ) ಮಗು ಅತ್ತರೆ ಏನು ಮಾಡುತ್ತೀರಿ? ಹೊಡೆಯುವುದು, ಕಟ್ಟಿಹಾಕುವುದು, ಕತ್ತಲೆ ಕೋಣೆ, ಊಟ ತಡೆಯುವುದು ಇವುಗಳಲ್ಲಿ ಒಂದಿದ್ದರೂ ಮಗುವನ್ನು ಎತ್ತಿಕೊಂಡು ಬನ್ನಿ.
(ಋ) ಹಣ ತಿಂಗಳು ತಿಂಗಳು ಕಟ್ಟಬಹುದಾ? ಆರು ತಿಂಗಳು, ವರ್ಷದ ಹಣ ಮುಂಗಡ ಕಟ್ಟಬೇಡಿ. ರಸೀದಿ ಪಡೆಯಿರಿ.
(ೠ) ಕೇಂದ್ರಕ್ಕೆ ಹೋಗಿಬರಲು ಎಷ್ಟು ಹೊತ್ತು? ಎರಡು ಬಸ್ಸು ಬದಲಿಸಿ ಸುಸ್ತಾದ ಮಗು ಅರ್ಧ ಗಂಟೆಯಲ್ಲಿ ಏನು ಕಲಿತೀತು? ಹತ್ತಿರದ ಸಾಧಾರಣ ಕೇಂದ್ರ, ದೂರದ ಹೆಸರಾಂತ ಕೇಂದ್ರಕ್ಕಿಂತ ಒಳ್ಳೆಯದಾಗಬಹುದು.

ಒಂದು ನೋಟ್‌ಬುಕ್ ಇಡಿ. ವಾರಕ್ಕೊಮ್ಮೆ ಎರಡು ಸಾಲು ಬರೆಯಿರಿ: ಈ ವಾರ ಹೊಸದಾಗಿ ಏನು ಮಾಡಿದ, ಏನು ಕಷ್ಟವಾಯಿತು. ಮೂರು ತಿಂಗಳ ಮೇಲೆ ಓದಿದರೆ ಥೆರಪಿ ಸಾಗುತ್ತಿದೆಯೋ ಇಲ್ಲವೋ ನಿಮಗೇ ತಿಳಿಯುತ್ತದೆ.

ಇವುಗಳಿಂದ ದೂರವಿರಿ

‘ಆಟಿಸಂ ಗುಣಪಡಿಸುತ್ತೇವೆ’ ಎಂದು ಬೋರ್ಡು ಹಾಕಿದವರಿಂದ ಮೊದಲು ದೂರವಿರಿ. ಆಟಿಸಂ ‘ಹೋಗಲಾಡಿಸುವ’ ಔಷಧಿ ಇಲ್ಲ.

* ಸ್ಟೆಮ್ ಸೆಲ್ ಚಿಕಿತ್ಸೆ: ಲಕ್ಷಾಂತರ ರೂಪಾಯಿ ಕೇಳುತ್ತಾರೆ. ರಾಷ್ಟ್ರೀಯ ವೈದ್ಯಕೀಯ ಆಯೋಗವು ಆಟಿಸಂಗೆ ಇದನ್ನು ಚಿಕಿತ್ಸೆಯಾಗಿ ಶಿಫಾರಸು ಮಾಡುವುದಿಲ್ಲ ಎಂದು 2022ರಲ್ಲಿ ಹೇಳಿದೆ. ಇದಕ್ಕಾಗಿ ಜಮೀನು, ಒಡವೆ ಕಳೆದುಕೊಳ್ಳಬೇಡಿ.
* ‘ವಿಷ ತೆಗೆಯುವ’ ಚಿಕಿತ್ಸೆ: ಮೈಯಲ್ಲಿರುವ ಲೋಹ ತೆಗೆಯುತ್ತೇವೆಂದು ಔಷಧಿ ಏರಿಸುತ್ತಾರೆ. 2005ರಲ್ಲಿ ಅಮೆರಿಕದಲ್ಲಿ ಐದು ವರ್ಷದ ಹುಡುಗನೊಬ್ಬ ಇದರಿಂದ ತೀರಿಕೊಂಡ.
* ಆಮ್ಲಜನಕದ ಪೆಟ್ಟಿಗೆಯಲ್ಲಿ ಮಲಗಿಸುವುದು: ಆಟಿಸಂಗೆ ಪ್ರಯೋಜನವಾಗುತ್ತದೆ ಎನ್ನಲು ಗಟ್ಟಿ ಆಧಾರವಿಲ್ಲ.
* ಹಾಲು, ಗೋಧಿ ಪೂರ್ತಿ ಬಿಡಿಸುವುದು: ಇದರಿಂದ ಆಟಿಸಂ ಕಡಿಮೆಯಾಗುತ್ತದೆ ಎಂಬುದಕ್ಕೆ ಒಳ್ಳೆಯ ಆಧಾರವಿಲ್ಲ. ಮೊದಲೇ ಎರಡು ಮೂರು ಬಗೆ ಮಾತ್ರ ತಿನ್ನುವ ಮಗುವಿಗೆ ಪೌಷ್ಟಿಕತೆ ಇನ್ನೂ ಕಡಿಮೆಯಾಗಬಹುದು.

ಕೆಲವು ಮಕ್ಕಳಿಗೆ ಫಿಟ್ಸ್, ನಿದ್ದೆ ಬಾರದಿರುವುದು, ತಡೆಯಲಾರದ ಸಿಟ್ಟು ಇದ್ದರೆ ವೈದ್ಯರು ಔಷಧಿ ಕೊಡುತ್ತಾರೆ. ಅದು ಆ ತೊಂದರೆಗೆ ಮಾತ್ರ. ಫಿಟ್ಸ್ ಮಾತ್ರೆಯನ್ನು ನಾವಾಗಿ ನಿಲ್ಲಿಸಬಾರದು.

ಮನೆಯಲ್ಲೇ ಮಾಡಬಹುದಾದದ್ದು

ಹೆಸರು ಗೊತ್ತಾದ ದಿನದಿಂದಲೇ, ಥೆರಪಿಗೆ ಸರದಿ ಸಿಗುವ ಮೊದಲೇ, ಇವನ್ನು ಶುರು ಮಾಡಬಹುದು.

ಮಗುವಿನ ಎದುರು, ಅದರ ಕಣ್ಣಿನ ಎತ್ತರಕ್ಕೆ ಕೂರಿ. ಅದು ಲೋಟ ಬಡಿದರೆ ನೀವೂ ಇನ್ನೊಂದು ಲೋಟ ಬಡಿಯಿರಿ. ಸ್ವಲ್ಪ ನಿಲ್ಲಿಸಿ ಕಾಯಿರಿ. ಅದು ನಿಮ್ಮತ್ತ ನೋಡಿದರೆ, ಅದೇ ಮೊದಲ ಮಾತುಕತೆ. ಉದ್ದುದ್ದ ಮಾತು ಬೇಡ. “ನೀರು”, “ನೀರು ಬೇಕು”, “ಚೆಂಡು ಕೊಡು” ಸಾಕು. ಕಾಣುವ ಹಾಗೆ, ಆದರೆ ಕೈಗೆ ಸಿಗದ ಹಾಗೆ ಇಷ್ಟದ ತಿಂಡಿ ಇಡಿ, ಕೇಳುವ ಅವಕಾಶ ಕೊಡಿ. ಕೇಳಿದ್ದು ಹೇಗಿದ್ದರೂ (ಕಣ್ಣಿನಿಂದ, ಬೆರಳಿನಿಂದ, ಅರ್ಧ ಪದದಿಂದ) ಕೂಡಲೇ ಕೊಡಿ. ಹಸಿದ ಮಗುವನ್ನು ‘ಪೂರ್ತಿ ಹೇಳು’ ಎಂದು ಕಾಡಬೇಡಿ.

ಉಯ್ಯಾಲೆ ತೂಗುವಾಗ “ಒಂದು, ಎರಡು...” ಎಂದು ನಿಲ್ಲಿಸಿ ಕಾಯಿರಿ. ಅಕ್ಕಿ ಆರಿಸುವಾಗ, ಬಟ್ಟೆ ಮಡಚುವಾಗ ಪಕ್ಕದಲ್ಲಿ ಕೂರಿಸಿಕೊಂಡು ಒಂದೊಂದು ಕೈಗೆ ಕೊಡಿ. ಹಳೆಯ ಕ್ಯಾಲೆಂಡರು, ಬಿಸ್ಕತ್ತಿನ ಪೊಟ್ಟಣದಿಂದ ಚಿತ್ರ ಕತ್ತರಿಸಿ ರಟ್ಟಿಗೆ ಅಂಟಿಸಿ: ಸ್ನಾನ, ತಿಂಡಿ, ಅಂಗನವಾಡಿ, ನಿದ್ದೆ. ಮದುವೆಮನೆಗೋ ಜಾತ್ರೆಗೋ ಹೋಗುವ ಮೊದಲು ಚಿತ್ರ ತೋರಿಸಿ ಹೇಳಿ. ಗದ್ದಲ ಹೆಚ್ಚಾದರೆ ಹೊರಗೆ ಕರೆದುಕೊಂಡು ಬನ್ನಿ. ಅದು ಮಗುವಿನ ಹಟವಲ್ಲ, ಸಂಕಟ.

ಭಾಷೆಯ ಬಗ್ಗೆ ಒಂದು ಮಾತು. “ಮನೆಯಲ್ಲಿ ತುಳು, ಕೊಂಕಣಿ ಬಿಡಿ, ಒಂದೇ ಭಾಷೆ ಮಾತಾಡಿ, ಇಂಗ್ಲಿಷ್ ಮಾತಾಡಿ” ಎಂದು ಕೆಲವರು ಸಲಹೆ ಕೊಡುತ್ತಾರೆ. ಎರಡು ಭಾಷೆ ಕೇಳಿದ್ದರಿಂದ ಆಟಿಸಂ ಇರುವ ಮಕ್ಕಳ ಮಾತು ಹಿಂದೆ ಬೀಳುವುದಿಲ್ಲ ಎಂದು ಅಧ್ಯಯನಗಳು ತೋರಿಸಿವೆ. ಅಜ್ಜಿ ಲಾಲಿ ಹಾಡುವ ಭಾಷೆ, ಅಮ್ಮ ಮುದ್ದು ಮಾಡುವ ಭಾಷೆ ಯಾವುದೋ ಅದರಲ್ಲೇ ಮಾತಾಡಿ. ಬಾರದ ಇಂಗ್ಲಿಷಿನಲ್ಲಿ ನಾಲ್ಕು ಪದ ಹೇಳುವುದಕ್ಕಿಂತ ಅದು ಎಷ್ಟೋ ಮೇಲು.

ಸರ್ಕಾರದ ಸೌಲಭ್ಯಗಳು

1995ರ ಅಂಗವಿಕಲರ ಕಾಯ್ದೆಯಲ್ಲಿ ಆಟಿಸಂನ ಹೆಸರೇ ಇರಲಿಲ್ಲ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಲ್ಲಿ ಸೇರಿತು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಆಟಿಸಂ ಒಂದು. ಸರ್ಕಾರಿ ಆಸ್ಪತ್ರೆಯಲ್ಲಿ ಪ್ರಮಾಣಪತ್ರ ಪಡೆದು ಯುಡಿಐಡಿ ಕಾರ್ಡ್ ಮಾಡಿಸಿ. “ಕಾರ್ಡ್ ಮಾಡಿಸಿದ್ರೆ ಮಗೂಗೆ ಹಣೆಪಟ್ಟಿ ಹಚ್ಚಿದ ಹಾಗೆ” ಎಂದು ಹಿಂಜರಿಯಬೇಡಿ. ಕಾರ್ಡ್ ಇಲ್ಲದೆ ಹಕ್ಕು ಕೇಳುವುದು ಕಷ್ಟ. ಅರ್ಜಿ ಹಾಕಲು ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರ ಸಹಾಯ ಕೇಳಿ.

ರಾಷ್ಟ್ರೀಯ ನ್ಯಾಸದ ‘ನಿರಾಮಯ’ ಆರೋಗ್ಯ ವಿಮೆಯಲ್ಲಿ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ರಕ್ಷಣೆ ಇದೆ. ಥೆರಪಿಯ ಖರ್ಚಿಗೂ ಅದರಲ್ಲಿ ಮಿತಿಯೊಳಗೆ ಅವಕಾಶವಿದೆ. ಆದ್ದರಿಂದ ರಸೀದಿಗಳನ್ನು ಜೋಪಾನವಾಗಿಡಿ. ಅಂಗನವಾಡಿ, ಶಾಲೆ “ನಿಮ್ಮ ಮಗು ಬೇಡ” ಎಂದರೆ ಒಪ್ಪಬೇಡಿ. ಶೇಕಡಾ 40 ಅಥವಾ ಹೆಚ್ಚು ನ್ಯೂನತೆಯ ಪ್ರಮಾಣಪತ್ರವಿರುವ ಮಗುವಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕನ್ನು 2016ರ ಕಾಯ್ದೆ ಕೊಟ್ಟಿದೆ.

ಸಂಘ ಏನು ಮಾಡಬಹುದು?

ಇಂಥ ಮಗುವಿನ ತಾಯಿ ಸಭೆಗೆ ಬರುವುದನ್ನೇ ಬಿಟ್ಟುಬಿಡುತ್ತಾಳೆ. ಮಗು ಕೂಗುತ್ತದೆ, ಜನ ನೋಡುತ್ತಾರೆ ಎಂಬ ಸಂಕೋಚ. ಉಳಿತಾಯ ಬಾಕಿಯಾಗುತ್ತದೆ, ದಂಡ ಬೀಳುತ್ತದೆ, ಕೊನೆಗೆ ಸದಸ್ಯತ್ವವೇ ಹೋಗುತ್ತದೆ. ಸಂಘ ಬೇಕಾದ ಹೊತ್ತಿಗೇ ಸಂಘ ಕೈಬಿಟ್ಟ ಹಾಗೆ ಆಗಬಾರದು. ಅದಕ್ಕೆ ನಮ್ಮ ಸಲಹೆಗಳು ಇವು:

1. ಮಗುವನ್ನು ಸಭೆಗೆ ಕರೆತರಲು ಹೇಳಿ. ಸರದಿಯಲ್ಲಿ ಒಬ್ಬರು ಅಂಗಳದಲ್ಲಿ ಆಡಿಸಲಿ.
2. ವಾರಕ್ಕೊಂದು ಮಧ್ಯಾಹ್ನ ಎರಡು ಗಂಟೆ ಮಗುವನ್ನು ನೋಡಿಕೊಂಡು ತಾಯಿಗೆ ಬಿಡುವು ಕೊಡಿ. ನಿದ್ದೆಗೆಟ್ಟ ತಾಯಿಗೆ ಅದಕ್ಕಿಂತ ದೊಡ್ಡ ಸಹಾಯವಿಲ್ಲ.
3. ಮೊದಲ ತಪಾಸಣೆಗೆ ಒಬ್ಬರು ಜತೆಗೆ ಹೋಗಿ. ಡಾಕ್ಟರು ಹೇಳಿದ್ದನ್ನು ಅಳುವ ತಾಯಿ ಕೇಳಿಸಿಕೊಂಡಿರುವುದಿಲ್ಲ. ಜತೆಗಿದ್ದವರು ಬರೆದುಕೊಳ್ಳಿ.
4. ಸಾಲ ಕೊಡುವಾಗ ಚಿಕ್ಕದಾಗಿ, ಮೂರು ತಿಂಗಳಿಗೊಮ್ಮೆ ನೋಡಿ ಕೊಡಿ. ತಪಾಸಣೆ, ಪ್ರಯಾಣ, ಮೂರು ತಿಂಗಳ ಥೆರಪಿ ಶುಲ್ಕಕ್ಕೆ ಕೊಡುವುದು ಸರಿ. ಗುಣಪಡಿಸುವ ಭರವಸೆಯ ದೊಡ್ಡ ‘ಪ್ಯಾಕೇಜಿ’ಗೆ ಸಾಲ ಕೇಳಿದರೆ, ಕೂಡಲೇ ಇಲ್ಲ ಎನ್ನದೆ, ಮೇಲಿನ ಪ್ರಶ್ನೆಗಳನ್ನು ಅವರ ಜತೆ ಕೂತು ಓದಿ. ಸಾಲ ತೀರಿಸಬೇಕಾದವರು ಅವರೇ, ಮಗುವನ್ನು ಇನ್ನೂ ಎಷ್ಟೋ ವರ್ಷ ಸಾಕಬೇಕಾದವರೂ ಅವರೇ.
5. ತಂದೆಯನ್ನೂ ಅತ್ತೆ ಮಾವಂದಿರನ್ನೂ ಮಾತಾಡಿಸಿ. ತಾಯಿಯೊಬ್ಬಳೇ ಹೊರುವ ಹೊರೆ ಇದಲ್ಲ. ಮನಸ್ಸು ತುಂಬಾ ಕುಗ್ಗಿದ್ದರೆ ಸರ್ಕಾರದ ಉಚಿತ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು.

ಥೆರಪಿಯಿಂದ ಎಷ್ಟು ಬದಲಾವಣೆ ಆಗುತ್ತದೆ ಎಂದು ಯಾರೂ ಮೊದಲೇ ಬರೆದು ಕೊಡಲಾರರು. ಕೆಲವರು ಮಾತು ಕಲಿತು ಎಲ್ಲರ ಜತೆ ಶಾಲೆಗೆ ಹೋಗುತ್ತಾರೆ. ಕೆಲವರಿಗೆ ದೊಡ್ಡವರಾದ ಮೇಲೂ ಆಸರೆ ಬೇಕು. ಅಮೆರಿಕದ ಟೆಂಪಲ್ ಗ್ರಾಂಡಿನ್ ಮೂರೂವರೆ ವರ್ಷದವರೆಗೆ ಮಾತಾಡಿರಲಿಲ್ಲ. ಮುಂದೆ ಪಶುವಿಜ್ಞಾನದ ಪ್ರಾಧ್ಯಾಪಕಿಯಾದರು. ಎಲ್ಲ ಮಕ್ಕಳೂ ಪ್ರಾಧ್ಯಾಪಕರಾಗಬೇಕಿಲ್ಲ. ತನಗೆ ಬೇಕಾದ್ದನ್ನು ಕೇಳಲು, ತಾನೇ ಉಣ್ಣಲು, ಹೊಟ್ಟೆನೋವು ಎಂದು ತೋರಿಸಲು ಬಂದರೆ ಅದೂ ದೊಡ್ಡ ಗಳಿಕೆಯೇ. ಥೆರಪಿ ಆರಿಸುವಾಗ ಇದನ್ನೇ ಅಳತೆಗೋಲು ಮಾಡಿಕೊಳ್ಳಿ: ಮಗುವಿಗೆ ಬದುಕು ಸುಲಭವಾಗುತ್ತಿದೆಯೇ, ಮಗು ನಗುತ್ತಾ ಹೋಗುತ್ತಿದೆಯೇ?

ಮುಂದಿನ ಸಭೆಯಲ್ಲಿ ಚರ್ಚಿಸಲು

1. ನಮ್ಮ ಸಂಘದ ವ್ಯಾಪ್ತಿಯಲ್ಲಿ ಮಾತು ತಡವಾದ ಮಕ್ಕಳು ಎಷ್ಟು ಮಂದಿ? ಅವರ ಕಿವಿ ಪರೀಕ್ಷೆ ಆಗಿದೆಯೇ?
2. ನಮ್ಮ ಜಿಲ್ಲಾ ಆಸ್ಪತ್ರೆಯ ಕೇಂದ್ರದಲ್ಲಿ ಯಾವ ದಿನ ಯಾವ ಥೆರಪಿ ಸಿಗುತ್ತದೆ? ವಿಚಾರಿಸಿ ಬರುವ ಜವಾಬ್ದಾರಿ ಯಾರದು?
3. ಸಭೆಗೆ ಬರುವುದನ್ನು ಬಿಟ್ಟ ತಾಯಂದಿರು ಇದ್ದಾರೆಯೇ? ಅವರ ಮನೆಗೆ ಈ ವಾರ ಯಾರು ಹೋಗುತ್ತೀರಿ?